ಕೊನೆ ಮಾತ್ರ ಹೇಳಬೇಡಿ

"ಇನ್ನೊಂದಕ್ಷರ ಆಡಿದ್ರೆ ಈ ಟ್ಯೂಬುಗಳನ್ನೆಲ್ಲ ನಿನ್ನ ತಲೆ ಮೇಲೆ ಸುರೀತೀನಿ!"

ಲ್ಯಾಬಿನ ಬಾಗಿಲಲ್ಲಿ ನಿಂತಿದ್ದ ರಿಸೆಪ್ಷನ್ ಹುಡುಗಿ ಬೆಚ್ಚಿಬಿದ್ದಳು.

"ಅಲ್ಲ ಅಕ್ಕಾ, ನಿನ್ನೆ ಫೈನಲ್‌ನಲ್ಲಿ..."

"ನಾನಿನ್ನೂ ನೋಡಿಲ್ಲ ಕಣೇ!" ಟೆಕ್ನಿಷಿಯನ್ ಕಿವಿ ಮುಚ್ಚಿಕೊಳ್ಳಹೋದಳು. ಕೈಯಲ್ಲಿ ಗ್ಲೌಸ್ ಇತ್ತು, ಗ್ಲೌಸಿಗೆ ಯಾರದೋ ರಕ್ತ ಅಂಟಿತ್ತು. ಭುಜ ಎತ್ತಿ ಒಂದು ಕಿವಿಯನ್ನಷ್ಟೇ ಮುಚ್ಚಿಕೊಂಡಳು.

"ಸಂಜೆ ಆರರೊಳಗೆ..."

"ಆರಕ್ಕೆ ಮುಂಚೆ ಮನೇಲಿರ್ತೀನಿ, ಟೀವಿ ಮುಂದೆ. ಅಲ್ಲೀವರೆಗೂ ಬಾಯಿಗೆ ಬೀಗ ಹಾಕ್ಕೋ."

"ನಿಮ್ಮಿಷ್ಟ. ಆಮೇಲೆ ನನ್ನ ಬೈಬೇಡಿ." ಹುಡುಗಿ ಮುಖ ಊದಿಸಿಕೊಂಡು ಹೋದಳು.

ಟೀವಿಯಲ್ಲಿ ಬರುವ, ಐಸ್ ಮೇಲಿನ ನೃತ್ಯಸ್ಪರ್ಧೆ ಅದು. ಇಡೀ ಸೀಸನ್ನು ಟೆಕ್ನಿಷಿಯನ್ ಒಂದು ವಾರವೂ ತಪ್ಪಿಸದೆ ನೋಡಿದ್ದಳು, ತಪ್ಪದೆ ವೋಟು ಹಾಕಿದ್ದಳು. ಅವಳ ವೋಟೆಲ್ಲ ಸ್ಪರ್ಧಿಗಳಲ್ಲಿ ಒಬ್ಬಳಾದ ಬೇಕರಿಯವಳಿಗೆ. ಮೊದಲ ವಾರ ನಾಲ್ಕು ಸಲ ಬಿದ್ದು, ನಾಲ್ಕು ಸಲವೂ ನಗುತ್ತ ಎದ್ದ ದಪ್ಪ ಹೆಂಗಸು ಈಗ ಫೈನಲಿನಲ್ಲಿದ್ದಳು. ಸರಿಯಾಗಿ ಫೈನಲಿನ ಸಂಜೆಯೇ ಟೆಕ್ನಿಷಿಯನ್‌ಗೆ ಡ್ಯೂಟಿ ಬಿತ್ತು. ರೆಕಾರ್ಡಿಂಗ್ ಹಾಕಿ, ಫೋನ್ ಆಫ್ ಮಾಡಿ ಹೋದವಳು ಮನೆಗೆ ಬಂದಾಗ ಹಾಲ್‌ನಲ್ಲಿ ಅತ್ತೆ ಗೊರಕೆ ಹೊಡೆಯುತ್ತಿದ್ದರು. ಟೀವಿ ಇದ್ದದ್ದೂ ಹಾಲ್‌ನಲ್ಲೇ. ಬೆಳಗಾದರೆ ಮತ್ತೆ ಡ್ಯೂಟಿ.

ಸೋಲು ಗೆಲುವಿಗಿಂತ ಅವಳಿಗೆ ಮುಖ್ಯವಾಗಿದ್ದದ್ದು ಬೇರೆ. ನಾಳೆ ಏನು ತಿಂಡಿ, ಅತ್ತೆಗೆ ಎಲ್ಲಿ ನೋವು, ಗಂಡ ಯಾವ ಜೋಕು ಹೇಳುತ್ತಾನೆ, ಎಲ್ಲವೂ ಅವಳಿಗೆ ಮೊದಲೇ ಗೊತ್ತಿತ್ತು. ಮುಂದೇನು ಎಂದು ಎದೆ ಹೊಡೆದುಕೊಳ್ಳುತ್ತಿದ್ದದ್ದು ಎರಡೇ ಕಡೆ: ಆ ಐಸ್ ಮೇಲೆ, ಮತ್ತೆ ಅವಳು ಓದುವ ಮಾಂತ್ರಿಕ ಲೋಕಗಳ ದಪ್ಪ ಕಾದಂಬರಿಗಳಲ್ಲಿ.

ಅದಕ್ಕೂ ಒಮ್ಮೆ ಕಲ್ಲು ಬಿದ್ದಿತ್ತು. ಐದು ಸಂಪುಟಗಳ ಕಥೆ, ಕೊನೆಯ ಪುಸ್ತಕ, ಇನ್ನು ನೂರು ಪುಟ ಬಾಕಿ. ಗಂಡ ಸುಮ್ಮನೆ ಎತ್ತಿಕೊಂಡು ಕೊನೆಯ ಪುಟ ತಿರುವಿಹಾಕಿ, "ಡ್ರ್ಯಾಗನ್ ಸಾಯುತ್ತೆ ಬಿಡು," ಅಂದಿದ್ದ. ಅವಳು ಒಂದು ವಾರ ಅವನೊಂದಿಗೆ ಮಾತಾಡಿರಲಿಲ್ಲ. ಅವನಿಗೆ ಅದು ಇನ್ನೂ ಅರ್ಥವಾಗಿರಲಿಲ್ಲ. "ಸತ್ತಿದ್ದು ಕಾಗದದ ಹಾವು ಕಣೇ!"

ಈ ಸಲ ಅವಳು ಅವನಿಂದ ಆಣೆ ಹಾಕಿಸಿಕೊಂಡಿದ್ದಳು. "ಮನೆಗೆ ಬೆಂಕಿ ಬಿದ್ರೂ ಸರಿ, ನಾನು ಪೂರ್ತಿ ನೋಡೋವರೆಗೂ ಆ ಶೋ ಬಗ್ಗೆ ಬಾಯಿ ಬಿಡಬಾರದು. ಬಿಟ್ರೆ ನಾನು ಈ ಮನೇಲಿ ಇರಲ್ಲ." ಅವನು ನಗುತ್ತ ಒಪ್ಪಲು ಹೋಗಿ, ಅವಳ ಮುಖ ನೋಡಿ ನಗು ನುಂಗಿ ಒಪ್ಪಿದ್ದ.

ಮಧ್ಯಾಹ್ನ ರಿಪೋರ್ಟಿಗೆ ಬಂದ ಡಾಕ್ಟರರು ಹಲ್ಲು ಕಾಣುವಂತೆ ನಕ್ಕರು. "ಏನಮ್ಮಾ, ಕಂಗ್ರಾ..."

"ಸರ್, ದಯವಿಟ್ಟು!"

ಅರ್ಧ ಮಾತೇ ಸಾಕಾಯಿತು. ಬೇಕರಿಯವಳು ಗೆದ್ದಿದ್ದಾಳೆ! ಅವಳಿಗೆ ಅಳು ಬಂತು. ಗೆದ್ದದ್ದಕ್ಕಲ್ಲ, ಗೊತ್ತಾಗಿಹೋದದ್ದಕ್ಕೆ. ಒಂದೇ ಒಂದು ಸಂತೋಷವನ್ನು ಪ್ಯಾಕೆಟ್ ಒಡೆಯದೆ ತನ್ನ ಕೈಗೆ ಕೊಡುವವರು ಈ ಊರಲ್ಲಿ ಯಾರೂ ಇಲ್ಲವೇ?

ಸಂಜೆ ಗೇಟಿನ ಬಳಿ ಎದುರುಮನೆಯಾಕೆ ಕೈಬೀಸುತ್ತ ಓಡಿಬಂದಳು. ಟೆಕ್ನಿಷಿಯನ್ ತಲೆ ತಗ್ಗಿಸಿ ಒಳಗೆ ನುಗ್ಗಿ ಚಿಲಕ ಹಾಕಿಕೊಂಡಳು. ಗಂಡ ಬಾಗಿಲಲ್ಲೇ ನಿಂತಿದ್ದ. ಆಫೀಸಿನಿಂದ ಎಂದೂ ಇಷ್ಟು ಬೇಗ ಬಂದವನಲ್ಲ.

"ಫೋನಾದ್ರೂ ಆನ್ ಮಾಡ್ಕೊಳ್ಳೇ."

"ಊರೆಲ್ಲ ಮೆಸೇಜ್ ಹಾಕಿರುತ್ತೆ. ನೋಡಿದ ಮೇಲೆ."

ಅವನು ಗಡಿಯಾರ ನೋಡಿದ. ಅವಳು ಸೋಫಾದಲ್ಲಿ ಕಾಲು ಮಡಚಿ ಕೂತು ರಿಮೋಟ್ ಒತ್ತಿದಳು. ಅವನು ಅಡುಗೆಮನೆಗೆ ಹೋದ, ಬಂದ, ಮತ್ತೆ ಹೋದ.

"ಒಂದು ಕೆಲಸ ಮಾಡು," ಅಂದ ಕೊನೆಗೆ. "ಓಡಿಸಿ ಓಡಿಸಿ ಕೊನೇ ಭಾಗ ಮೊದಲು ನೋಡ್ಬಿಡು."

"ಕೊನೇ ಪುಟ ಮೊದಲು ಓದೋ ಚಟ ನಿಮಗಿನ್ನೂ ಬಿಟ್ಟಿಲ್ವಾ?" ಅವಳು ರಿಮೋಟನ್ನು ಎದೆಗೊತ್ತಿಕೊಂಡಳು. "ಇದೊಂದನ್ನ ನನ್ನ ಪಾಡಿಗೆ ನೋಡೋಕೆ ಬಿಡಿ. ಬೇರೆ ಏನೂ ಕೇಳ್ತಿಲ್ಲ."

ಅವನು ತುಟಿ ಬಿಗಿದು ಕುರ್ಚಿಯಲ್ಲಿ ಕೂತ. ಬೆವರುತ್ತಿದ್ದ.

ಅವಳು ಒಂದು ಕ್ಷಣವನ್ನೂ ಹಾರಿಸಲಿಲ್ಲ. ಬೇಕರಿಯವಳು ಬೆಂಕಿಬಣ್ಣದ ಉಡುಪಿನಲ್ಲಿ ಡ್ರ್ಯಾಗನ್ನುಗಳ ರಾಣಿಯಾಗಿ ಬಂದಳು, ಗಾಳಿಯಲ್ಲಿ ಎರಡು ಸುತ್ತು ತಿರುಗಿ ಒಂದೇ ಕಾಲಿನ ಮೇಲೆ ಇಳಿದಳು. ಅವಳು ಸೋಫಾದಿಂದ ಎದ್ದುನಿಂತು ಚಪ್ಪಾಳೆ ತಟ್ಟಿದಳು. ಗೋಡೆಯ ಗಡಿಯಾರ ಆರು ಹೊಡೆಯಿತು. ಗಂಡ ಕಣ್ಣು ಮುಚ್ಚಿಕೊಂಡ.

ಬೇಕರಿಯವಳು ಸೋತಳು.

ಸೋತಳೇ? ಹಾಗಾದರೆ ಡಾಕ್ಟರರು ನಕ್ಕದ್ದು ಯಾಕೆ?

ಪರದೆಯ ಮೇಲೆ ನಿರೂಪಕ ಮೈಕ್ ಎತ್ತಿಕೊಂಡ. "ಕೊನೆಯದಾಗಿ ಒಂದು ಅಚ್ಚರಿ! ಪ್ರತಿ ವಾರವೂ ವೋಟು ಹಾಕಿದ ಅಭಿಮಾನಿಗಳಲ್ಲಿ ಒಬ್ಬರು, ಮುಂದಿನ ವಾರ ಇದೇ ಐಸ್ ಮೇಲೆ, ನಮ್ಮ ಫೈನಲಿಸ್ಟುಗಳ ಕೈ ಹಿಡಿದು ಕುಣಿಯಲಿದ್ದಾರೆ!"

ಅವನು ಓದಿದ್ದು ಅವಳ ಹೆಸರು. ಪರದೆಯ ತುಂಬ ಅವಳದೇ ಫೋಟೋ. ನಿರೂಪಕ ಅಲ್ಲೇ ಅವಳ ನಂಬರು ಒತ್ತಿದ. ಸ್ವಿಚ್ ಆಫ್. ಸಭೆ ಗೊಳ್ಳೆಂದು ನಕ್ಕಿತು. "ಪರವಾಗಿಲ್ಲ, ನಾಳೆ ಸಂಜೆ ಆರರೊಳಗೆ ಇದೇ ನಂಬರಿನಿಂದ ನಮಗೆ ಕರೆ ಮಾಡಲಿ. ಇಲ್ಲದಿದ್ದರೆ ಅವಕಾಶ ಇನ್ನೊಬ್ಬರಿಗೆ!"

ಗೋಡೆಯ ಗಡಿಯಾರದಲ್ಲಿ ಆಗಲೇ ಆರೂವರೆಯಾಗಿತ್ತು. ಅವಳು ನಿಧಾನವಾಗಿ ಗಂಡನತ್ತ ತಿರುಗಿದಳು.

"ಈ ಸಲ ನಾನು ಏನೂ ಹೇಳಲಿಲ್ಲ ಕಣೇ," ಅಂದ ಅವನು. ಅವನ ಕಣ್ಣಲ್ಲಿ ನೀರಿತ್ತು.