ತೂತು ಹೊಡೆಯಬೇಡಿ

ಹಳೇ ಲೈಸೆನ್ಸಿಗೆ ತೂತು ಹೊಡೆದು ರದ್ದು ಮಾಡಲು ವಿಮಾನಯಾನ ಕಚೇರಿಯ ಗುಮಾಸ್ತ ಯಂತ್ರ ಎತ್ತುವಷ್ಟರಲ್ಲಿ ಪೈಲಟ್ ಆ ಲೈಸೆನ್ಸಿನ ಮೇಲೆ ಅಂಗೈ ಊರಿಬಿಟ್ಟಳು.

"ಕೈ ತೆಗೀರಿ ಮೇಡಂ. ನಿಮಗೆ ದೊಡ್ಡ ಲೈಸೆನ್ಸ್ ಬಂದಿದೆ, ಹೊಸ ನಂಬರ್ ಬಂದಿದೆ. ಹಳೇದು ರದ್ದು. ಸಂತೋಷಪಡಿ."

"ಸಂತೋಷಕ್ಕಿಷ್ಟು ಬೆಂಕಿ ಹಾಕ! ನಾನು ಕೆಲಸ ಮಾಡೋ ದೇಶದವರು ಈ ಹಳೇದನ್ನ ನಂಬಿ ಅಲ್ಲಿನ ಲೈಸೆನ್ಸ್ ಕೊಟ್ಟಿದ್ದಾರೆ. ಅದರಲ್ಲಿ ಇದೇ ನಂಬರ್ ಅಚ್ಚಾಗಿದೆ. ಇದು ಸತ್ರೆ ಅದೂ ಸತ್ತ ಹಾಗೆ. ಸೋಮವಾರ ಅಲ್ಲಿನ ದ್ವೀಪದಿಂದ ರೋಗಿಗಳನ್ನ ಯಾರು ಹಾರಿಸ್ಕೊಂಡು ಬರ್ತಾರೆ, ನೀವಾ? ಎರಡೂ ನಂಬರ್ ನನ್ನದೇ ಅಂತ ಒಂದು ಕಾಗದ ಕೊಡಿ, ಅವರು ತಿದ್ದಿಕೊಳ್ತಾರೆ."

"ಅಂಥ ಫಾರಂ ನಮ್ಮಲ್ಲಿಲ್ಲ."

ಸಿಟ್ಟು ನೆತ್ತಿಗೇರಿದಾಗ ದೇವರ ಹೆಸರು ಹೇಳಿಕೋ ಎಂದು ಅಜ್ಜಿ ಕಲಿಸಿದ್ದಳು. ಪೈಲಟ್ ಹೆಸರೇನೋ ಹೇಳಿಕೊಂಡಳು, ಕೈ ಮಾತ್ರ ತೆಗೆಯಲಿಲ್ಲ. ಹಿಂದೆ ಸಾಲು ಬೆಳೆಯಿತು.

"ಅಕ್ಕಾ, ಆಕಾಶದಲ್ಲಿ ಹಾರೋರು ಇಲ್ಲೇ ಬೇರು ಬಿಟ್ರೆ ನಮ್ಮ ಗತಿ?" ಎಂದು ಹಿಂದಿದ್ದ ಗಡ್ಡದ ಪೈಲಟ್ ನಗೆಯಾಡಿದ.

"ನಗು ತಮ್ಮಾ, ನಗು. ನಿನ್ನ ನಂಬರೂ ಬದಲಾಗುತ್ತೆ."

ಅವನ ನಗೆ ಗಡ್ಡದಲ್ಲೇ ಇಂಗಿತು. ಕೈಯಲ್ಲಿದ್ದ ತನ್ನ ಹಳೇ ಲೈಸೆನ್ಸನ್ನು ಒಮ್ಮೆ ನೋಡಿ, ಜೇಬಿಗಿಳಿಸಿ, ಮುಂದೆ ಬಂದು ಅವಳ ಪಕ್ಕದಲ್ಲಿ ನಿಂತ.

"ನಾನೂ ಹೊರದೇಶದಲ್ಲೇ ಹಾರಿಸೋನು ಸ್ವಾಮಿ. ಇವರಿಗೆ ಕಾಗದ ಕೊಡೋ ತನಕ ನಾನೂ ಕದಲಲ್ಲ."

ಗುಮಾಸ್ತ ಸಾಲಿನುದ್ದಕ್ಕೂ ಕಣ್ಣಾಡಿಸಿದ. ಯಾರೂ ಗೊಣಗುತ್ತಿರಲಿಲ್ಲ, ಎಲ್ಲರೂ ತಮ್ಮ ತಮ್ಮ ಕಾಗದಗಳನ್ನು ತಿರುವಿ ನೋಡುತ್ತಿದ್ದರು. ಅವನು ಯಂತ್ರ ಕೆಳಗಿಟ್ಟು, ಒಂದು ಖಾಲಿ ಹಾಳೆ ಎಳೆದುಕೊಂಡ.

"ಏನಂತ ಬರೀಲಿ?"

"ನಂಬರ್ ಎರಡಾದ್ರೂ ಇಬ್ಬರಲ್ಲ, ಒಬ್ಬಳೇ ಅಂತ ಬರೀರಿ," ಎಂದಳು. ಅವಳ ದನಿಯಲ್ಲಿ ಸಿಟ್ಟು ಇನ್ನೂ ಆರಿರಲಿಲ್ಲ.