ಇ.ಸಿ. ಅಂದ್ರೇನು ಸಾ

ಚರ್ಚಾಸ್ಪರ್ಧೆಯಲ್ಲಿ ಎದುರಾಳಿ ಆಡಿದ ಮೊದಲ ಪದಕ್ಕೇ ಅರ್ಥ ಕೇಳುವ ನನ್ನ ಚಟ ಎಲ್ಲಿಂದ ಬಂತೆಂಬುದು ಕೊಳ್ಳೇಗಾಲದ ಗೊಬ್ಬರದಂಗಡಿಯ ಘಾಟು ಮೂಗಿಗೆ ಬಡಿದಾಗಲೆಲ್ಲ ನೆನಪಾಗುತ್ತದೆ.

ಒಂದು ವರ್ಷ ಮಾಂಬಳ್ಳಿಯ ನಮ್ಮ ಗದ್ದೆಯಲ್ಲಿ ಭತ್ತದ ಗರಿಗಳ ತುದಿ ಒಣಗುತ್ತಿತ್ತು. ಸಂಜೆ ಎರಚಲೆಂದು ಅವ್ವ ಇನ್ನೊಂದು ಚೀಲ ಯೂರಿಯಾ ತಂದಿಟ್ಟಿದ್ದಳು. ಅಷ್ಟರಲ್ಲಿ ಶಾಲೆಯ ಜಗಲಿಯಲ್ಲಿ ಮಣ್ಣು ಪರೀಕ್ಷೆಯ ಚೀಟಿ ಹಂಚುತ್ತಾರೆಂದು ಸುದ್ದಿ ಬಂತು. ನನ್ನನ್ನೂ ಕರೆದುಕೊಂಡು ಹೋದಳು.

ಕೃಷಿ ಇಲಾಖೆಯ ಸಾಹೇಬರು ಚೀಟಿ ಕೊಟ್ಟು, "ನಿಮ್ದು ಇ.ಸಿ. ಜಾಸ್ತಿ ಇದೆಯಮ್ಮ," ಎಂದು ಮುಂದಿನವರ ಹೆಸರು ಕೂಗಿದರು. ನಾನು ಎಲ್ಲ ತಿಳಿದವಳಂತೆ ತಲೆಯಾಡಿಸಿದೆ. ಅವ್ವ ಕದಲಲಿಲ್ಲ.

"ಇ.ಸಿ. ಅಂದ್ರೇನು ಸಾ?"

"ಅದು ಸೈನ್ಸು. ನಿಮಗ್ಯಾಕಮ್ಮ?"

"ಗದ್ದೆ ನಂದಲ್ವಾ ಸಾ?"

ಹಿಂದಿನಿಂದ ಸೋದರಮಾವ ಗೊಣಗಿದ, "ಕುಂತ್ಕೊಮ್ಮಿ, ಮಾನ ಕಳೀಬ್ಯಾಡ."

ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮಣ್ಣು ಕದಡಿದ ನೀರಲ್ಲಿ ಎಷ್ಟು ಕರೆಂಟು ಹರಿಯುತ್ತೆ ಅಂತ ನೋಡ್ತೀವಿ. ಉಪ್ಪು ಹೆಚ್ಚಿದ್ರೆ ಕರೆಂಟೂ ಹೆಚ್ಚು."

"ಅಂಗಾದ್ರೆ ಉಪ್ಪು ಜಾಸ್ತಿ ಅನ್ನಿ. ಇವತ್ತು ಯೂರಿಯಾ ಆಕ್ಬೇಕು ಅಂತಿದ್ದೆ."

ಸಾಹೇಬರು ಗಾಬರಿಯಿಂದ ತಲೆಯೆತ್ತಿದರು. "ಬೇಡ ತಾಯಿ, ಗೊಬ್ಬರವೂ ಉಪ್ಪೇ, ಗರಿ ಇನ್ನೂ ಒಣಗುತ್ತೆ. ಒಳ್ಳೆ ನೀರು ಕಟ್ಟಿ, ಬಸಿದು ಆಚೆ ಬಿಡಿ."

ಆಮೇಲೆ ಸೋದರಮಾವನೇ ತನ್ನ ಚೀಟಿ ಎತ್ತಿ ಹಿಡಿದ. "ಸಾ, ನಂದ್ರಲ್ಲಿ ಓ.ಸಿ. ಕಮ್ಮಿ ಅಂತ ಐತೆ. ಅದೇನು?"

ಅವನ ಹಿಂದೆ ಇನ್ನೂ ನಾಲ್ಕು ಚೀಟಿಗಳು ಮೇಲೆದ್ದವು. ಅವ್ವ ಸೆರಗು ಸರಿಮಾಡಿಕೊಂಡು ಕುಳಿತಳು. ನಾನು ಅವಳಿಗೆ ಒತ್ತಿಕೊಂಡು ಕುಳಿತೆ, ಯಾರ ಮಗಳೆಂದು ಎಲ್ಲರಿಗೂ ಕಾಣಲಿ ಎಂದು.