ಹತ್ತಕ್ಕೆ ಎಷ್ಟು?

ತಿಂಗಳ ಕೊನೆಯ ದಿನ ಅವಳಿಗೆ ಬರೀ ಫೋನಿನ ಕೆಲಸ. ಕಂಪನಿಯಿಂದ ಹೊರದೇಶದ ಸೈಟಿಗೆ ಹೋದ ಹನ್ನೊಂದು ಜನರಿಗೂ ಕರೆ ಮಾಡಿ ಕ್ಷೇಮ ಕೇಳಿ, ಅಲ್ಲಿನ ಕಾನೂನಿಗೆ ಬೇಕಾದ ಫಾರಂ ತುಂಬಬೇಕು. ಹತ್ತು ಜನರದು ಮುಗಿಯುವಷ್ಟರಲ್ಲಿ ಅವಳ ಗಂಟಲು ಒಣಗಿತ್ತು. ಉಳಿದವನು ಫಿಟ್ಟರ್ ಫಕೀರಪ್ಪ.

“ನಿದ್ದೆ ಬರುತ್ತಾ?”

“ಇಲ್ರೀ ಮೇಡಂ.”

“ಊಟ?”

“ಸೇರಂಗಿಲ್ರೀ.”

“ಮನಸ್ಸಿನ ಒತ್ತಡ, ಹತ್ತಕ್ಕೆ ಎಷ್ಟು?”

ಪ್ರತಿ ತಿಂಗಳೂ ಅವನು ಮೂರು ಅನ್ನುತ್ತಿದ್ದ.

“ಒಂಬತ್ತು ಬರಕೊಳ್ರಿ.”

ಅವಳ ಕೈ ನಿಂತಿತು. “ಫಕೀರಪ್ಪ, ಏಳು ದಾಟಿದರೆ ವಾರದೊಳಗೆ ನಿಮ್ಮನ್ನ ವಾಪಸ್ ಕರೆಸಲೇಬೇಕು. ಗೊತ್ತಲ್ವಾ?”

“ಗೊತ್ತೈತ್ರಿ. ಅದಕ್ಕ ಹೇಳಾಕತ್ತೀನಿ. ರೂಮಿನ್ಯಾಗ ಗ್ವಾಡಿ ಕೂಡ ಮಾತಾಡಾಕತ್ತೀನ್ರಿ.”

“ನಿಮ್ಮ ಜಾಗಕ್ಕೆ ಇನ್ನೊಬ್ಬ ಫಿಟ್ಟರ್‌ನ ಎರಡು ವರ್ಷಕ್ಕೆ ಕಳಿಸಬೇಕಾಗುತ್ತೆ.”

“ಪಟ್ಟಿಯಾಗ ಮುಂದಿನ ಹೆಸರು ಯಾರದರ ಇರತೈತಲ್ರೀ.”

ಇತ್ತು. ಪಟ್ಟಿ ಅವಳ ಮೇಜಿನ ಮೇಲೆಯೇ ಇತ್ತು. ಸ್ವಲ್ಪ ಹೊತ್ತು ಅವಳು ಅದನ್ನೇ ನೋಡಿದಳು.

“ಆಯ್ತು, ಬರ್ಕೊಂಡೆ.”

“ನಿಮ್ಮ ಹೊಟ್ಟಿ ತಣ್ಣಗಿರಲಿ, ತಾಯಿ,” ಅಂದ. ಅವನು ಅಳುತ್ತಿದ್ದದ್ದು ಕೇಳಿಸುತ್ತಿತ್ತು.

ಫೋನಿಟ್ಟು ಅವಳು ನೀರು ಕುಡಿದಳು. ಫಾರಂನಲ್ಲಿ ಮೂರು ಎಂದು ತುಂಬಿ, ಸಹಿ ಹಾಕಿ ಕಳಿಸಿದಳು.

ಸಂಜೆ ಅವಳು ಮನೆಯ ಬಾಗಿಲು ತೆರೆದಾಗ, ಪಟ್ಟಿಯಲ್ಲಿ ಮುಂದಿನ ಹೆಸರಿನ ಫಿಟ್ಟರ್ ಅವರಿಬ್ಬರ ಮಗಳ ತಲೆ ಬಾಚಿ ಎರಡು ಜಡೆ ಹಾಕುತ್ತಾ ಕೂತಿದ್ದ.